ಅವರೆಕಾಯಿ ಸುಲಿಯುತ್ತಾ ಎಣಿಸಿದ ಓಟು

"ಟೀಚರಮ್ಮ, ಮುಂದಿನ ಸಲಕ್ಕೆ ಯಾರಂತೆ?"

ಬೇಲಿಯಾಚೆ ಅಕ್ಕ ಮೊರ ಹಿಡಿದು ಕೂತಿದ್ದರು. ಮೊರದ ತುಂಬ ಮಾಗಡಿ ಅವರೆಕಾಯಿ. ಬೆಳಗಿನ ಮಂಜು ಇನ್ನೂ ರಾಮದೇವರ ಬೆಟ್ಟದ ತಲೆಯಿಂದ ಇಳಿದಿರಲಿಲ್ಲ. ಅವರೆಯ ಸೊಗಡು ಮಾತ್ರ ಆಗಲೇ ಬೇಲಿ ದಾಟಿ ನಮ್ಮ ಹಿತ್ತಲಿಗೆ ಬಂದಿತ್ತು. 2028 ಇನ್ನೂ ದೂರ ಇದೆ. ಆದರೆ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೊತ್ತು ಗೊತ್ತು ಅನ್ನುವುದಿಲ್ಲ. ಮಳೆ ಬಂತಾ, ರೇಷ್ಮೆ ಗೂಡು ಎಷ್ಟಕ್ಕೆ ಹೋಯ್ತು, ಯಾರು ಗೆಲ್ತಾರೆ, ಈ ಮೂರು ಮಾತನ್ನು ಇಲ್ಲಿ ಯಾವಾಗ ಬೇಕಾದರೂ ಯಾರನ್ನು ಬೇಕಾದರೂ ಕೇಳಬಹುದು.

ನಾನೂ ಎರಡು ಬೊಗಸೆ ಕಾಯಿ ಈಸಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತೆ.

ನಮ್ಮ ಎರಡು ಮನೆಗಳ ನಡುವೆ ಗೋಡೆಯಿಲ್ಲ, ದಾಸವಾಳದ ಬೇಲಿ ಇದೆ. ಆ ಬೇಲಿಯ ಎರಡು ಕಡೆ ಸೇರಿಸಿದರೆ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕೂ ಸಿಗುತ್ತವೆ. ಅಕ್ಕನ ತವರು ಚನ್ನಪಟ್ಟಣದ ಕಡೆ, ಕೊಟ್ಟಿದ್ದು ಮಾಗಡಿ ಕಡೆ. ನಾನು ಹುಟ್ಟಿದ್ದು ಕನಕಪುರ ತಾಲ್ಲೂಕಿನಲ್ಲಿ. ಇಬ್ಬರೂ ನೆಲೆ ನಿಂತಿದ್ದು ರಾಮನಗರದಲ್ಲಿ. ಜಿಲ್ಲೆ ಆಗಿದ್ದು 2007ರಲ್ಲಿ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ನಮ್ಮ ತಾತನ ಬಾಯಲ್ಲಿ ಊರು ಕೊನೆಯವರೆಗೂ ಕ್ಲೋಸ್‌ಪೇಟೆಯೇ ಆಗಿತ್ತು. ಹೆಸರು ಏನೇ ಇರಲಿ, ಓಟಿನ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕು ರಾಜ್ಯಕ್ಕೆ ಕೊಟ್ಟಷ್ಟು ದೊಡ್ಡ ಹೆಸರುಗಳನ್ನು ಕೊಟ್ಟ ಜಾಗ ಕಡಿಮೆ. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಈ ಮಣ್ಣಿನವರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ರಾಜ್ಯದ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಪಿ.ಜಿ.ಆರ್. ಸಿಂಧ್ಯ ಕನಕಪುರ ಬಿಟ್ಟುಕೊಟ್ಟರು, ಹೆಗಡೆ ಅಲ್ಲಿಂದ ಗೆದ್ದು ಬಂದರು. 1994ರಲ್ಲಿ ದೇವೇಗೌಡರು ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, ಒಂದೂವರೆ ವರ್ಷಕ್ಕೆ ದೆಹಲಿಯ ಪ್ರಧಾನಿ ಕುರ್ಚಿಗೇ ಹೋದರು. 2006ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯಾದಾಗ ರಾಮನಗರದ ಶಾಸಕರು, 2018ರಲ್ಲಿ ಮತ್ತೆ ಆದಾಗ ಚನ್ನಪಟ್ಟಣದ ಶಾಸಕರು.

ಇದನ್ನೆಲ್ಲ ಹೊರಗಿನವರು ಹೇಳುವ ಧಾಟಿ ಕೇಳಿದರೆ ನನಗೆ ಸಂಕಟವಾಗುತ್ತದೆ. "ಅದು ಅವರ ಕೋಟೆ ಬಿಡ್ರಿ, ಅಲ್ಲಿ ಜನ ಕಣ್ಣು ಮುಚ್ಚಿ ಒತ್ತುತ್ತಾರೆ" ಅನ್ನುತ್ತಾರೆ. ಕಣ್ಣು ಮುಚ್ಚಿದವರು ಯಾರು? ಇಲ್ಲಿ ಸೋಲದೆ ಉಳಿದ ದೊಡ್ಡವರ ಹೆಸರು ಒಂದು ಹೇಳಲಿ ನೋಡೋಣ.

"ಅದನ್ನೇ ನಮ್ ದೊಡ್ಡಣ್ಣನೂ ಅನ್ನೋದು" ಅಂದರು ಅಕ್ಕ. "ಕೋಟೆ ಅಂದ್ರೆ ಅವನಿಗೆ ಮೈಯೆಲ್ಲ ಉರೀತದೆ."

ಅಕ್ಕನ ತವರಿನಲ್ಲಿ ಅಣ್ಣತಮ್ಮಂದಿರು ಇಬ್ಬರು. ಒಂದೇ ಅಡುಗೆ ಮನೆ, ಒಂದೇ ಕೊಟ್ಟಿಗೆ. ಆದರೆ ಓಟು ಬಂದರೆ ನಡುಮನೆಯಲ್ಲಿ ಗೆರೆ ಬೀಳುತ್ತದೆ. ದೊಡ್ಡಣ್ಣ ಹೇಳುವುದು ಇಗ್ಗಲೂರು ಅಣೆಕಟ್ಟೆಯ ಮಾತು. ಶಿಂಷಾ ನದಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದವರು ದೇವೇಗೌಡರು, ಆ ಬ್ಯಾರೇಜಿಗೆ ಅವರ ಹೆಸರೇ ಇದೆ, ನಿಂತ ನೀರಿನ ಋಣ ತೀರಿಸಬೇಕು ಅನ್ನುವುದು ಅವನ ವಾದ. ಚಿಕ್ಕವನದು ಕೆರೆಯ ಮಾತು. ಅಣೆಕಟ್ಟೆಯಲ್ಲಿ ನಿಂತ ನೀರು ನಿಂತೇ ಇದ್ದರೆ ನಮ್ಮೂರಿಗೇನು ಬಂತು, ಅದನ್ನು ಎತ್ತಿ ಪೈಪಿನಲ್ಲಿ ತಂದು ಕೆರೆಗೆ ಬಿಡಿಸಿದವರು ಯೋಗೇಶ್ವರ್, ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದಿದ್ದು ಆಮೇಲೆ ಅನ್ನುತ್ತಾನೆ. ಒಬ್ಬ ಅಣೆಕಟ್ಟೆಗೆ ಓಟು ಹಾಕುತ್ತಾನೆ, ಇನ್ನೊಬ್ಬ ಕೆರೆಗೆ. ಇಬ್ಬರ ಮಾತೂ ನಿಜ. ಚನ್ನಪಟ್ಟಣದಲ್ಲಿ ಇಪ್ಪತ್ತೈದು ವರ್ಷದಿಂದ ತಕ್ಕಡಿ ಆ ಕಡೆ ಈ ಕಡೆ ತೂಗುತ್ತಿರುವುದಕ್ಕೆ ಟಿವಿಯವರು ಜಾತಿಯ ಲೆಕ್ಕ ಒಂದನ್ನೇ ಹೇಳುತ್ತಾರೆ. ಜಾತಿ ಇಲ್ಲ ಅನ್ನುವುದಿಲ್ಲ. ಆದರೆ ಅಣ್ಣತಮ್ಮ ಒಂದೇ ಜಾತಿ ತಾನೆ? ಅವರನ್ನು ಬೇರೆ ಮಾಡಿದ್ದು ನೀರಿನ ಲೆಕ್ಕ.

ಯೋಗೇಶ್ವರ್ ಅವರದು ನೋಡಿ, 1999ರಲ್ಲಿ ಪಕ್ಷೇತರರಾಗಿ ಗೆದ್ದರು. 2004, 2008ರಲ್ಲಿ ಕೈ ಗುರುತು. ಆಮೇಲೆ ಬಿಜೆಪಿಗೆ ಹೋದರು, 2009ರ ಉಪಚುನಾವಣೆಯಲ್ಲಿ ಜನ ಅವರನ್ನು ಬಿಟ್ಟು ಜೆಡಿಎಸ್‌ನ ಎಂ.ಸಿ. ಅಶ್ವಥ್ ಅವರನ್ನು ಗೆಲ್ಲಿಸಿದರು. 2011ರಲ್ಲಿ ಮತ್ತೆ ಉಪಚುನಾವಣೆ ಬಂತು, ಕಮಲದ ಗುರುತಿನಲ್ಲಿ ಯೋಗೇಶ್ವರ್ ಗೆದ್ದರು. 2013ರಲ್ಲಿ ಸೈಕಲ್ ಗುರುತು. ಸಮಾಜವಾದಿ ಪಕ್ಷದ ಸೈಕಲ್ ನಮ್ಮ ಕಡೆ ಯಾರಿಗೆ ಗೊತ್ತಿತ್ತು? ಆದರೂ 80,099 ಓಟು ಬಿತ್ತು. ಎದುರಿಗಿದ್ದ ಅನಿತಾ ಕುಮಾರಸ್ವಾಮಿ ಅವರಿಗೆ 73,635. ಅಂತರ 6,464.

ಈ 6,464ರ ಮೇಲೆ ನಾನು ಮತ್ತು ಅಕ್ಕ ಆವತ್ತು ಬಹಳ ಹೊತ್ತು ಕೂತೆವು. ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಬಿಡಿಸಿ ನೋಡಿ. ಒಬ್ಬ ಆ ಕಡೆ ಬಿಟ್ಟು ಈ ಕಡೆ ಬಂದರೆ ಅಲ್ಲಿ ಒಂದು ಇಳಿಯಿತು, ಇಲ್ಲಿ ಒಂದು ಏರಿತು, ಅಂದರೆ ಅಂತರದಲ್ಲಿ ಎರಡು ಓಟು ಹೋಯಿತು. 3,233 ಜನ ಮನಸ್ಸು ಬದಲಿಸಿದ್ದರೆ ಗೆದ್ದವರು ಸೋಲುತ್ತಿದ್ದರು. ಅಷ್ಟು ಅಂದರೆ ಮೂರು ನಾಲ್ಕು ದೊಡ್ಡ ಹಳ್ಳಿಯ ಜನ. ಒಂದು ಹಬ್ಬಕ್ಕೆ ಕೆಂಗಲ್ ಆಂಜನೇಯನ ಗುಡಿ ಮುಂದೆ ಸೇರುವ ಜನ ಅದಕ್ಕಿಂತ ಹೆಚ್ಚು. ಬಳಪ ಹಿಡಿದು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಕೈ ನನ್ನದು, ಈ ಭಾಗಾಕಾರ ಮಾಡದೆ ಯಾವ ಫಲಿತಾಂಶವನ್ನೂ ಬಿಡುವುದಿಲ್ಲ. ಎರಡರಿಂದ ಭಾಗಿಸಿ ನೋಡಿದ ಮೇಲೆ ಯಾವ ಗೆಲುವೂ ಅಷ್ಟು ದೊಡ್ಡದಾಗಿ ಉಳಿಯುವುದಿಲ್ಲ, ಯಾವ ಸೋಲೂ ಅಷ್ಟು ದೊಡ್ಡದಲ್ಲ.

2018ರಲ್ಲಿ ಕುಮಾರಸ್ವಾಮಿ ಅವರೇ ಚನ್ನಪಟ್ಟಣಕ್ಕೆ ಬಂದು ನಿಂತರು. ಮತ್ತೆ ಬಿಜೆಪಿಯಲ್ಲಿದ್ದ ಯೋಗೇಶ್ವರ್ ಎದುರು 21,530ರಿಂದ ಗೆದ್ದರು. 2023ರಲ್ಲಿ ಅದೇ ಇಬ್ಬರ ನಡುವೆ ಅಂತರ 15,915ಕ್ಕೆ ಇಳಿಯಿತು. ಮಾರನೇ ವರ್ಷ ಕುಮಾರಸ್ವಾಮಿ ಮಂಡ್ಯದಿಂದ ಲೋಕಸಭೆಗೆ ಹೋದರು, ಚನ್ನಪಟ್ಟಣ ಖಾಲಿಯಾಯಿತು. 2024ರ ನವೆಂಬರ್ 13ರ ಉಪಚುನಾವಣೆಗೆ ಒಂದು ಕಡೆ ಅವರ ಮಗ ನಿಖಿಲ್, ಇನ್ನೊಂದು ಕಡೆ ಮತ್ತೆ ಯೋಗೇಶ್ವರ್, ಈ ಸಲ ಮತ್ತೆ ಕೈ ಗುರುತು. ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ್ದು ಅಕ್ಟೋಬರ್ 23ಕ್ಕೆ. ಓಟಿಗೆ ಮೂರು ವಾರ ಉಳಿದಿತ್ತು.

ಆ ಮೂರು ವಾರ ಅಕ್ಕ ತವರಿನಲ್ಲೇ ಇದ್ದರು. ತಾಯಿಗೆ ಹುಷಾರಿರಲಿಲ್ಲ, ಅದೊಂದು ಕಾರಣ. ಅಣ್ಣತಮ್ಮನ ನಡುವೆ ಮಾತು ಬೆಳೆಯದ ಹಾಗೆ ನೋಡಿಕೊಳ್ಳಬೇಕು ಅನ್ನುವುದು ಇನ್ನೊಂದು. ಇಬ್ಬರೂ ಬಾಜಿ ಕಟ್ಟಿದ್ದರು, ಒಂದು ಟಗರು. ಮನೆಯಲ್ಲಿ ಇದ್ದಿದ್ದೂ ಒಂದೇ ಟಗರು. ಯಾರು ಗೆದ್ದರೂ ಅದು ಅದೇ ಕೊಟ್ಟಿಗೆಯಲ್ಲಿ ಉಳಿಯುವುದು ಅಂತ ಅವರ ತಾಯಿ ಹಾಸಿಗೆಯಿಂದಲೇ ಹೇಳಿದರಂತೆ.

ಓಟಿನ ದಿನ ಹೊಲದ ಕೆಲಸ ನಿಂತಿತು. ಬೆಂಗಳೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಆಟೋ ಓಡಿಸುವ ಗಂಡುಮಕ್ಕಳು ಹಿಂದಿನ ರಾತ್ರಿಯೇ ಊರು ಸೇರಿದರು. ನೂರಕ್ಕೆ 88 ಮೀರಿ ಓಟು ಬಿತ್ತು. ಈ ಸಂಖ್ಯೆಯನ್ನು ನಿಧಾನಕ್ಕೆ ಓದಬೇಕು. ಕಾಯಿಲೆ ಬಿದ್ದವರು, ಹೆರಿಗೆಗೆ ಹೋದವರು, ದೂರದ ಕೆಲಸದವರು, ಪಟ್ಟಿಯಲ್ಲಿ ಹೆಸರಿದ್ದು ಈಗ ಬದುಕಿಲ್ಲದವರು, ಇಷ್ಟನ್ನು ಕಳೆದರೆ ಊರಿಗೆ ಊರೇ ಬಂದಿತ್ತು ಅಂತ ಅರ್ಥ. ಇಲ್ಲಿಂದ ಐವತ್ತು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ಅರ್ಧಕ್ಕರ್ಧ ಜನ ಓಟಿನ ದಿನ ಮನೆಯಿಂದ ಹೊರಗೇ ಬರುವುದಿಲ್ಲ. ಆ ಬೆಂಗಳೂರಿನಿಂದ ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು ಬಂದವರು ಇವರು. ಜಿದ್ದಾಜಿದ್ದಿ ಇರುವಲ್ಲಿ ಜನ ಬರುತ್ತಾರೆ. ತನ್ನ ಒಂದು ಓಟಿಗೆ ತೂಕ ಇದೆ ಅಂತ ಗೊತ್ತಾದ ಮೇಲೆ ಮನುಷ್ಯ ಎಂಥ ಬಿಸಿಲಿನಲ್ಲೂ ಸಾಲು ನಿಲ್ಲುತ್ತಾನೆ.

ಎಣಿಕೆ ನಮ್ಮ ರಾಮನಗರದಲ್ಲೇ, ನವೆಂಬರ್ 23ರಂದು. ಮೊದಲ ಕೆಲವು ಸುತ್ತು ನಿಖಿಲ್ ಮುಂದಿದ್ದರು. ದೊಡ್ಡಣ್ಣ ಟಗರಿಗೆ ಸೊಪ್ಪು ಹಾಕಿ ಬಂದನಂತೆ. ಆಮೇಲೆ ತಿರುಗಿತು, ತಿರುಗಿದ್ದು ನಿಲ್ಲಲೇ ಇಲ್ಲ. ಕೊನೆಗೆ ಯೋಗೇಶ್ವರ್ ಅವರಿಗೆ 1,12,642, ನಿಖಿಲ್ ಅವರಿಗೆ 87,229. ಅಂತರ 25,413. ಅದೇ ವರ್ಷದ ಜೂನ್ ನಾಲ್ಕಕ್ಕೆ ಬೆಂಗಳೂರು ಗ್ರಾಮಾಂತರ ಲೋಕಸಭೆ ಕ್ಷೇತ್ರದಲ್ಲಿ, ಚನ್ನಪಟ್ಟಣವೂ ಸೇರಿದ ಅದೇ ಕ್ಷೇತ್ರದಲ್ಲಿ, ಬಿಜೆಪಿ ಮತ್ತು ಜೆಡಿಎಸ್ ಮೈತ್ರಿಯ ಡಾ. ಸಿ.ಎನ್. ಮಂಜುನಾಥ್ 2,69,647 ಓಟಿನಿಂದ ಡಿ.ಕೆ. ಸುರೇಶ್ ಅವರನ್ನು ಸೋಲಿಸಿದ್ದರು. ಆರು ತಿಂಗಳು ತುಂಬಲಿಲ್ಲ, ಮೈತ್ರಿಗೆ ಚನ್ನಪಟ್ಟಣದಲ್ಲಿ ಸೋಲು. ಹೃದಯದ ಡಾಕ್ಟರು ಅಂತ ಒಂದು ಓಟು, ಕೆರೆಯ ನೀರು ಅಂತ ಇನ್ನೊಂದು ಓಟು. ಇದು ಕಣ್ಣು ಮುಚ್ಚಿ ಒತ್ತಿದ ಗುಂಡಿಯೇ?

"ಸಂಜೆ ಇಬ್ರೂ ಒಂದೇ ತಟ್ಟೇಲಿ ಮುದ್ದೆ ಮುರುದ್ರು" ಅಂದರು ಅಕ್ಕ. "ದೊಡ್ಡೋನು ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಟಗರು ಹಗ್ಗ ಬಿಚ್ಕೊಂಡು ಓಡೋಯ್ತು ನೋಡು, ಇಬ್ರೂ ಸೇರ್ಕೊಂಡು ಅಟ್ಟುಸ್ಕೊಂಡೋದ್ರು."

ರಾಮನಗರದ್ದು ಬೇರೆ ಕಥೆ. 2004ರಿಂದ ಈ ಕ್ಷೇತ್ರ ಜೆಡಿಎಸ್ ಕೈಯಲ್ಲೇ ಇತ್ತು. 2023ರ ಮೇ 13ರಂದು ಕಾಂಗ್ರೆಸ್‌ನ ಇಕ್ಬಾಲ್ ಹುಸೇನ್ ಅವರಿಗೆ 87,690, ನಿಖಿಲ್ ಅವರಿಗೆ 76,975 ಬಂತು. ಅಂತರ 10,715. ಅಕ್ಕನ ಎದುರಿಗೇ ಭಾಗಿಸಿದೆ: 5,358 ಜನ. ನಮ್ಮ ಪೇಟೆಯ ನಾಲ್ಕು ವಾರ್ಡು.

ಇಲ್ಲಿನ ಓಟು ಅರ್ಥವಾಗಬೇಕಾದರೆ ಒಂದು ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ನಿಲ್ಲಬೇಕು. ಗೂಡು ತರುವವರು ಸುತ್ತಮುತ್ತಲ ಹಳ್ಳಿಯ ರೈತರು, ಹೆಚ್ಚಿನವರು ಒಕ್ಕಲಿಗರು. ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಹೆಚ್ಚಿನವರು ಪೇಟೆಯ ಮುಸ್ಲಿಮರು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. ಮುಂಚೆ ಕೂಗಿ ಹರಾಜು ಮಾಡುತ್ತಿದ್ದರು, ಈಗ ಇ-ಹರಾಜು. ಲಾಟಿಗೆ ಬಂದ ಬೆಲೆ ಕಡಿಮೆ ಅನ್ನಿಸಿದರೆ "ನಾನು ಕೊಡಲ್ಲ" ಅನ್ನುವ ಹಕ್ಕು ರೈತನಿಗೆ ಇದೆ. ನನ್ನ ಮನಸ್ಸಿಗೆ ಓಟು ಅಂದರೆ ಅದೇ. ಬುಟ್ಟಿ ಎದುರಿಗೆ ಇಟ್ಟುಕೊಂಡು, ಬಂದ ಬೆಲೆ ನೋಡಿ, ಆಗಲಿ ಅನ್ನುವುದು ಇಲ್ಲವೇ ಆಗಲ್ಲ ಅನ್ನುವುದು. ನಮ್ಮ ಜಿಲ್ಲೆಯವರು ಆಗಲ್ಲ ಅನ್ನುವುದನ್ನು ಚೆನ್ನಾಗಿ ಕಲಿತಿದ್ದಾರೆ. 2018ರಲ್ಲಿ ನಾಲ್ಕರಲ್ಲಿ ಮೂರು ಜೆಡಿಎಸ್, ಒಂದು ಕಾಂಗ್ರೆಸ್. 2023ರಲ್ಲಿ ಮೂರು ಕಾಂಗ್ರೆಸ್, ಒಂದು ಜೆಡಿಎಸ್. ಇಡೀ ರಾಜ್ಯದ ಗುಣವೂ ಇದೇ ತಾನೆ? 1985ರಲ್ಲಿ ಹೆಗಡೆ ಗೆದ್ದು ಮತ್ತೆ ಬಂದ ಮೇಲೆ ಯಾವ ಆಳುವ ಪಕ್ಷವನ್ನೂ ಕರ್ನಾಟಕದ ಜನ ಬಹುಮತ ಕೊಟ್ಟು ಮರಳಿ ಕೂರಿಸಿಲ್ಲ.

ಸೋಲದೆ ಉಳಿದ ದೊಡ್ಡವರ ಹೆಸರು ಒಂದು ಹೇಳಲಿ ಅಂದೆನಲ್ಲ, ಸೋತವರ ಲೆಕ್ಕ ಕೇಳಿ. ಡಿ.ಕೆ. ಶಿವಕುಮಾರ್ 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ಎದುರು ಸೋತರು. 2002ರ ಕನಕಪುರ ಲೋಕಸಭೆ ಉಪಚುನಾವಣೆಯಲ್ಲೂ ಗೌಡರ ಎದುರೇ ಸೋತರು. ಗೌಡರು? ಪ್ರಧಾನಿಯಾಗಿ ಬಂದವರನ್ನು 2004ರಲ್ಲಿ ಅದೇ ಕನಕಪುರ ಲೋಕಸಭೆ ಕ್ಷೇತ್ರದಲ್ಲಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ ಲಕ್ಷಕ್ಕೂ ಹೆಚ್ಚು ಓಟಿನಿಂದ ಸೋಲಿಸಿದರು. ಆ ಫಲಿತಾಂಶ ರೇಡಿಯೋದಲ್ಲಿ ಕೇಳಿದಾಗ ನಮ್ಮ ಶಾಲೆಯ ಸಿಬ್ಬಂದಿ ಕೋಣೆ ಐದು ನಿಮಿಷ ಸ್ತಬ್ಧವಾಗಿತ್ತು. ಕುಮಾರಸ್ವಾಮಿ 1998ರಲ್ಲಿ ಕನಕಪುರ ಲೋಕಸಭೆಗೆ ಸೋತರು, 1999ರಲ್ಲಿ ಸಾತನೂರಿನಲ್ಲಿ ಶಿವಕುಮಾರ್ ಎದುರು ಸೋತರು. ಮಾಗಡಿಯ ಎಚ್.ಸಿ. ಬಾಲಕೃಷ್ಣ 1994ರಲ್ಲಿ ಬಿಜೆಪಿಯಿಂದ ಗೆದ್ದವರು, ಆಮೇಲೆ ಮೂರು ಸಲ ಜೆಡಿಎಸ್‌ನಿಂದ ಗೆದ್ದವರು. 2018ರಲ್ಲಿ ಕಾಂಗ್ರೆಸ್‌ಗೆ ಬಂದು ಎ. ಮಂಜುನಾಥ್ ಎದುರು ಐವತ್ತು ಸಾವಿರಕ್ಕೂ ಹೆಚ್ಚು ಓಟಿನಿಂದ ಸೋತರು, ಐದು ವರ್ಷಕ್ಕೆ ಅದೇ ಮಂಜುನಾಥ್ ಅವರನ್ನು ಸೋಲಿಸಿ ಮರಳಿದರು. ಅಕ್ಕನ ಗಂಡನ ಮನೆಯವರು ಆ ಎರಡು ಸಲವೂ ಗೆದ್ದವರ ಕಡೆಯೇ ಇದ್ದೆವು ಅನ್ನುತ್ತಾರೆ. ಊರೆಲ್ಲ ಹಾಗೇ ಅನ್ನುತ್ತದಂತೆ.

ಕನಕಪುರಕ್ಕೆ ಬಂದಾಗ ನನ್ನ ಮಾತು ಸ್ವಲ್ಪ ಭಾರವಾಗುತ್ತದೆ, ಅದು ನನ್ನ ತವರು. 2023ರಲ್ಲಿ ಅಲ್ಲಿ ಶಿವಕುಮಾರ್ ಗೆದ್ದಿದ್ದು 1,22,392 ಓಟಿನ ಅಂತರದಿಂದ. ಬಿಜೆಪಿ ಆರ್. ಅಶೋಕ್ ಅವರಂಥ ದೊಡ್ಡ ಹೆಸರನ್ನು ತಂದು ನಿಲ್ಲಿಸಿತು, ಅವರು ಮೂರನೇ ಜಾಗಕ್ಕೆ ಹೋದರು. ಜನ ಪ್ರೀತಿಯಿಂದ ಕೊಟ್ಟ ಗೆಲುವು ಅದು, ಅಲ್ಲಗಳೆಯುವುದಿಲ್ಲ. ಆದರೆ ನನ್ನ ತವರಿನ ಹೆಂಗಸರು ಮಾತಾಡುವಾಗ ಒಂದು ಕೊರತೆ ಕೇಳಿಸುತ್ತದೆ. ಚನ್ನಪಟ್ಟಣದಲ್ಲಿ ಒಂದೇ ಬಾಗಿಲಿಗೆ ಎರಡೂ ಕಡೆಯವರು ನಾಲ್ಕು ನಾಲ್ಕು ಸಲ ಬರುತ್ತಾರೆ. ಚರಂಡಿ ಕೇಳಬಹುದು, ಬಸ್ಸು ಕೇಳಬಹುದು. ಲಕ್ಷದ ಅಂತರ ಇರುವಲ್ಲಿ ಒಂದು ಸಲ ಬಂದು ಕೈ ಮುಗಿದರೆ ಮುಗಿಯಿತು. ಇನ್ನೂ ಮನಸ್ಸಿಗೆ ನೋವಾಗಿದ್ದು 2018ರ ನವೆಂಬರಿನಲ್ಲಿ, ನಮ್ಮ ರಾಮನಗರದ ಉಪಚುನಾವಣೆಯಲ್ಲಿ. ಓಟಿಗೆ ಎರಡು ದಿನ ಇದ್ದಾಗ ಬಿಜೆಪಿ ಅಭ್ಯರ್ಥಿ ಕಣದಿಂದ ಹಿಂದೆ ಸರಿದು ಕಾಂಗ್ರೆಸ್‌ಗೆ ಮರಳಿದರು. ಯಂತ್ರದ ಮೇಲೆ ಹೆಸರು ಇತ್ತು, ಮನುಷ್ಯ ಇರಲಿಲ್ಲ. ಅನಿತಾ ಕುಮಾರಸ್ವಾಮಿ 1,09,137ರ ಅಂತರದಿಂದ ಗೆದ್ದರು. ನಾನು ಹೋಗಿ ಓಟು ಹಾಕಿ ಬಂದೆ. ಆ ದಿನ ಮತಗಟ್ಟೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಎರಡು ಬೆಲೆ ಬರದ ಹರಾಜಿಗೆ ಗೂಡು ತಂದ ಹಾಗಾಗಿತ್ತು.

"ಒಂದ್ ಓಟಲ್ಲಿ ಗೆದ್ದೋರೂ ಅವ್ರಂತಲ್ಲ?" ಅಂದರು ಅಕ್ಕ.

ಇದ್ದಾರೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ರಾತ್ರಿಯವರೆಗೂ ಮತ್ತೆ ಮತ್ತೆ ಎಣಿಸಿ, ಕೊನೆಗೆ ಸಿ.ಕೆ. ರಾಮಮೂರ್ತಿ ಅವರು ಸೌಮ್ಯ ರೆಡ್ಡಿ ಅವರಿಗಿಂತ 16 ಓಟು ಮುಂದೆ ಅಂತಾಯಿತು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 2017ರಲ್ಲಿ ನಡೆದಿದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಅದು ಆಗ ಆ ಕಡೆಗೂ ಈ ಕಡೆಗೂ ವಾಲುತ್ತಿದ್ದ ರಾಜ್ಯ. ಅಲ್ಲಿನ ವಿಧಾನಸಭೆಯ 94ನೇ ಕ್ಷೇತ್ರದಲ್ಲಿ ಡೇವಿಡ್ ಯಾನ್ಸಿ ಅವರಿಗೆ 11,608, ಶೆಲ್ಲಿ ಸೈಮಂಡ್ಸ್ ಅವರಿಗೂ 11,608. 2018ರ ಜನವರಿಯಲ್ಲಿ ಇಬ್ಬರ ಹೆಸರಿನ ಚೀಟಿಯನ್ನು ಒಂದು ಪಿಂಗಾಣಿ ಬೋಗುಣಿಯಲ್ಲಿ ಹಾಕಿ ಎತ್ತಿದರು, ಯಾನ್ಸಿ ಹೆಸರು ಬಂತು. ಆ ಒಂದು ಚೀಟಿಯಿಂದ ಅವರ ಪಕ್ಷಕ್ಕೆ 51, ಎದುರಿನವರಿಗೆ 49 ಆಗಿ ಇಡೀ ಸದನ ಯಾರ ಕೈಗೆ ಅನ್ನುವುದು ತೀರ್ಮಾನವಾಯಿತು. ಎರಡು ವರ್ಷಕ್ಕೆ ಸೈಮಂಡ್ಸ್ ಗೆದ್ದು ಬಂದರು. ನಮ್ಮ ಕಾನೂನಿನಲ್ಲೂ ಸಮ ಬಂದರೆ ಚೀಟಿ ಎತ್ತುವುದೇ.

ಅಕ್ಕ ಸುಲಿಯುವುದನ್ನು ನಿಲ್ಲಿಸಿದರು. "ಬೋಗುಣೀಲಿ ಹಾಕೋಕೆ ಮುಂಚೆ ಒಬ್ಬರು ಜಾಸ್ತಿ ಹೋಗಿದ್ರೆ ಆಗೋದಲ್ಲ" ಅಂದರು.

ಆ ಮಾತಿಗೆ ನನಗೆ ನನ್ನ ಚುನಾವಣೆ ಡ್ಯೂಟಿಯ ದಿನಗಳು ನೆನಪಾದವು. ಮೇಷ್ಟರುಗಳಿಗೆ ಅದು ತಪ್ಪಿದ್ದಲ್ಲ. 1994ರಲ್ಲಿ ಪೆಟ್ಟಿಗೆ ಹೊತ್ತುಕೊಂಡು ಹೋದೆ, 2004ರಲ್ಲಿ ಯಂತ್ರ ಹೊತ್ತುಕೊಂಡು ಹೋದೆ. ಹಿಂದಿನ ದಿನ ಸಾಮಾನು ಈಸಿಕೊಂಡು, ಬಸ್ಸಿನಲ್ಲಿ ಕುಲುಕುತ್ತಾ ಹೋಗಿ, ಶಾಲೆಯ ಜಗಲಿಯಲ್ಲಿ ಮಲಗಿ, ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಅಳಿಸಿ, ಮುದ್ರೆ ಹಾಕಿ, ಏಳು ಗಂಟೆಗೆ ಸರಿಯಾಗಿ ಮೊದಲ ಓಟು. ಎಡಗೈ ತೋರು ಬೆರಳಿಗೆ ಹಚ್ಚುವ ಆ ಶಾಯಿ ನಮ್ಮ ಮೈಸೂರಿನದು, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯದು. 1962ರಿಂದ ದೇಶದ ಬೆರಳುಗಳಿಗೆಲ್ಲ ಅಲ್ಲಿಂದಲೇ ಹೋಗುತ್ತದೆ. ನೂರಾರು ಬೆರಳು ಹಿಡಿದಿದ್ದೇನೆ ನಾನು. ಗೂಡು ಬಿಡಿಸಿ ಸಿಪ್ಪೆ ಎದ್ದ ಬೆರಳು, ಚನ್ನಪಟ್ಟಣದ ಗೊಂಬೆಗೆ ಅರಗು ಹಚ್ಚಿ ಬಣ್ಣ ಕೂತ ಬೆರಳು, ಕಲ್ಲು ಕ್ವಾರಿಯಲ್ಲಿ ಅರ್ಧ ಕಳೆದುಕೊಂಡ ಬೆರಳು. ಅವರ ಕಣ್ಣಿನಲ್ಲಿ ಇರುತ್ತಿದ್ದ ಪ್ರಶ್ನೆ ಒಂದೇ, "ಗೊತ್ತಾಗಲ್ವಲ್ಲಾ ಮೇಡಂ?"

ನಾನು ಗೊತ್ತಾಗಲ್ಲ ಅನ್ನುತ್ತಿದ್ದೆ. ಒಬ್ಬೊಬ್ಬರ ಓಟಿನ ಮಟ್ಟಿಗೆ ಅದು ಖಂಡಿತ ನಿಜ. ಊರಿನ ಮಟ್ಟಿಗೆ ನಿಜವಲ್ಲ. ಇದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತದೆ. ಮತಪತ್ರದ ಕಾಲದಲ್ಲಿ ಹಲವು ಕಡೆ ಬೇರೆ ಬೇರೆ ಪೆಟ್ಟಿಗೆಯ ಚೀಟಿಗಳನ್ನು ಒಟ್ಟಿಗೆ ಸುರಿದು, ಬೆರೆಸಿ, ಆಮೇಲೆ ಎಣಿಸುತ್ತಿದ್ದರು. ಯಂತ್ರ ಬಂದ ಮೇಲೆ ಒಂದೊಂದು ಮತಗಟ್ಟೆಯದೂ ಒಂದೊಂದು ಲೆಕ್ಕ. ಎಣಿಕೆಯ ಸಂಜೆಗೇ ಯಾವ ಊರು ಯಾರಿಗೆ ಎಷ್ಟು ಲೀಡು ಕೊಟ್ಟಿತು ಅನ್ನುವ ಪಟ್ಟಿ ಎಲ್ಲರ ಮೊಬೈಲಿನಲ್ಲಿ. ನಮ್ಮ ಬಂಧುಗಳ ಊರೊಂದರಲ್ಲಿ ರಸ್ತೆ ಅರ್ಧಕ್ಕೆ ನಿಂತಿತು. ಕೇಳಲು ಹೋದ ಹೆಂಗಸರಿಗೆ "ನಿಮ್ಮ ಬೂತಲ್ಲಿ ನಮಗೆಷ್ಟು ಬಂತು ಹೇಳ್ರಮ್ಮ" ಅಂತ ಉತ್ತರ ಬಂತು. ಯಾವ ಪಕ್ಷ ಅಂತ ಹೇಳುವುದಿಲ್ಲ, ಈ ಚಾಳಿ ಎಲ್ಲರಲ್ಲೂ ಇದೆ. ಕೂದಲೆಳೆಯ ಸ್ಪರ್ಧೆ ಇರುವಲ್ಲಿ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಒಂದೊಂದು ಬೂತೂ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಹಲವು ಯಂತ್ರಗಳ ಓಟನ್ನು ಒಟ್ಟಿಗೆ ಕೂಡಿಸಿ ಮೊತ್ತವನ್ನಷ್ಟೇ ತೋರಿಸುವ ಟೋಟಲೈಸರ್ ಎಂಬ ಸಾಧನ ಬಳಸೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಆಗಬೇಕು ಅಂದಿತು. ಪಕ್ಷಗಳು ಜಗಳಾಡುವ ನೂರು ವಿಷಯ ಇವೆ, ಇದೊಂದಕ್ಕೆ ಒಟ್ಟಾಗಿ ಒಪ್ಪಿದ್ದರೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ರಸ್ತೆ ಕೇಳಲು ಹೋಗುವಾಗ ತಲೆ ಎತ್ತಿಕೊಂಡು ಹೋಗುತ್ತಿದ್ದರು. ಇನ್ನು ಆ ರಸ್ತೆ ಕೇಳಬೇಕಾದ ಜಾಗವೇ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ. ಅವುಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಕಳೆಯಿತು. ಯಾವ ಪಕ್ಷ ಬಂದರೂ ಮುಂದಕ್ಕೆ ಹಾಕಿದ್ದೇ ಹಾಕಿದ್ದು. ಟಗರು ಬಾಜಿ ಕಟ್ಟುವಷ್ಟು ಓಟನ್ನು ಪ್ರೀತಿಸುವ ಜನರಿಗೆ ಮಾಡಿದ ಅನ್ಯಾಯ ಇದು.

ಬಿಸಿಲು ಬೇಲಿಯ ಮೇಲೆ ಬಂತು. ಮೊರದಲ್ಲಿ ಕಾಳು ಗುಡ್ಡೆಯಾಗಿತ್ತು, ಸಿಪ್ಪೆ ಹಸುವಿಗೆ ಅಂತ ಬೇರೆ ಮಾಡಿದ್ದಾಯಿತು. ಆಗ ಅಕ್ಕ ತಮ್ಮ ಅತ್ತೆಯ ಮಾತು ತೆಗೆದರು.

ಆ ಅಜ್ಜಿಯನ್ನು ನಾನೂ ಬಲ್ಲೆ. ಈ ಬೇಲಿಯ ದಾಸವಾಳದ ಕಡ್ಡಿ ನೆಟ್ಟವರೇ ಅವರು. 2023ರ ಚುನಾವಣೆಯಲ್ಲಿ 80 ದಾಟಿದವರು ಮನೆಯಲ್ಲೇ ಓಟು ಹಾಕಬಹುದು ಅಂತ ಬಂತಲ್ಲ, ಫಾರಂ ಹಿಡಿದು ಬಂದ ಹುಡುಗನನ್ನು ಅಜ್ಜಿ ಕೂರಿಸಿ, ಮಜ್ಜಿಗೆ ಕೊಟ್ಟು, ಬೇಡ ಅಂದರು. "ಮನೆಯೋರೆಲ್ಲ ನಿಂತ್ಕೊಂಡು ನೋಡ್ತಿರುವಾಗ ಅದೆಂತ ಓಟು" ಅಂದರಂತೆ. ಮೇ ಹತ್ತರಂದು, ಆ ಬಿಸಿಲಿನಲ್ಲಿ, ಮೊಮ್ಮಗನ ಹೆಗಲು ಹಿಡಿದು ಶಾಲೆಯ ಮೆಟ್ಟಿಲು ಹತ್ತಿದರು. ಮೊಮ್ಮಗ ಜೊತೆಗೆ ಮರೆಯ ಹಿಂದೆ ಬರಲು ಹೋದ, ಅಲ್ಲೇ ನಿಲ್ಲು ಅಂದರು. ಹೊರಗೆ ಬಂದವರು ಮಸಿ ಹಚ್ಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒರೆಸಿ ಹೋದೀತು ಅಂತ, ಮನೆತನಕ ಹಾಗೇ ನಡೆದರು. ಮನೆಯಲ್ಲಿ ಮಗ ಒಂದು ಪಕ್ಷ, ಮೊಮ್ಮಗ ಒಂದು ಪಕ್ಷ. ಇಬ್ಬರೂ ಅಜ್ಜಿಯ ಓಟು ತಮ್ಮದೇ ಅಂತ ಲೆಕ್ಕ ಹಾಕಿಟ್ಟಿದ್ದರು.

"ನಾನ್ ಕೇಳ್ದೆ, ರಾತ್ರಿ ಕಾಲ್ ಒತ್ತೋವಾಗ" ಅಂದರು ಅಕ್ಕ. "'ನಿಮ್ ಮಾವಂಗೇ ಐವತ್ ವರ್ಷ ಹೇಳ್ಲಿಲ್ಲ ಕಣೇ' ಅಂದ್ರು. ಅಷ್ಟೇ."

ಮುಂದಿನ ವರ್ಷ ಅಜ್ಜಿ ತೀರಿಕೊಂಡರು.

ಅಕ್ಕ ಮೊರ ಎತ್ತಿ ಒಮ್ಮೆ ಕೇರಿದರು. ಆಮೇಲೆ ಬೇಲಿಯ ಮೇಲಿಂದ ಕೈ ಚಾಚಿ ನನ್ನ ಪಾತ್ರೆಗೆ ಕಾಳು ಸುರಿದರು, ನಾನು ಸುಲಿದಿದ್ದಕ್ಕಿಂತ ಹೆಚ್ಚೇ. "ನೆನೆಹಾಕು, ನಾಳೆ ಹಿತುಕೋಣ" ಅಂದು ಒಳಗೆ ಹೋದರು.